ದಾನಕ್ಕೆ ದುಡಿಮೆಯ ಜೋಡಿ
ಈ ವಾರ ನೋಡಿದ ವಿಡಿಯೊ ಒಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಜೋಳದ ಜಾತಿಯ ತೆನೆಕಡ್ಡಿಗಳನ್ನು ದಾರದಲ್ಲಿ ಬಿಗಿದು ಪೊರಕೆ ಕಟ್ಟುತ್ತಿದ್ದಳು. ಅದು ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ ಅಂಚಿನಲ್ಲಿರುವ, ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು. 1892ರಿಂದ ಅಲ್ಲಿ ಯಾರೂ ಬೋಧನಾ ಶುಲ್ಕ ಕಟ್ಟಿಲ್ಲ. ತಲೆಮಾರುಗಳ ದಾನಿಗಳು ಕೊಟ್ಟದ್ದು ನೂರು ಕೋಟಿ ಡಾಲರ್ ಮೀರಿದ ಮೂಲನಿಧಿಯಾಗಿ ಬೆಳೆದು, ಅದರ ಆದಾಯವೇ ಬಹುಪಾಲು ಖರ್ಚನ್ನು ತೂಗಿಸುತ್ತದೆ. ಆದರೂ ಪ್ರತಿ ವಿದ್ಯಾರ್ಥಿ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಲೇಬೇಕು. ನಾಯಕರು ಹುಟ್ಟುವುದು ದಾನ ಮತ್ತು ದುಡಿಮೆಯ ಈ ಜೋಡಿಯಲ್ಲಿಯೇ ಎಂಬುದು ನನ್ನ ನಂಬಿಕೆ. ದಾನದ ಜೊತೆ ತನ್ನ ಬೆವರೂ ಸೇರಿದಾಗ ಹಂಗಿನ ಭಾರ ಇಳಿದು ಹೊಣೆಯ ಅರಿವು ಮೂಡುತ್ತದೆ. ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ ಕಾರ್ಟರ್ ಜಿ. ವುಡ್ಸನ್ 1903ರಲ್ಲಿ ಇಲ್ಲಿಂದಲೇ ಪದವಿ ಪಡೆದು, ಮುಂದೆ ಅಮೆರಿಕದ ಕಪ್ಪು ಜನರ ಇತಿಹಾಸಕ್ಕೆ ವಿದ್ವತ್ತಿನ ಬುನಾದಿ ಹಾಕಿದರು. ಹಾಗಾಗಿ ಕಟ್ಟಡದ ಮೇಲೆ ಹೆಸರು ಕೆತ್ತಿಸುವ ದಾನಿಗಿಂತ, ಕಾಣದ ಮಕ್ಕಳ ಶುಲ್ಕಕ್ಕೆಂದು ಮೂಲನಿಧಿಗೆ ಕೊಡುವ ದಾನಿಯೇ ದೊಡ್ಡವನು.