ಖಾಲಿ ಬಾಟ್ಲಿ ಕಸವಲ್ಲ, ಸ್ವಾಮಿ!

ಉಪ್ಪಿನಕಾಯಿ ಮುಗಿಯಿತು, ಜಾಮು ಮುಗಿಯಿತು. ಗಾಜಿನ ಬಾಟ್ಲಿ ಎಲ್ಲಿಗೆ ಹೋಯಿತು? ಸೀದಾ ಕಸದ ಗಾಡಿಗೆ! ನಮ್ಮೂರ ಯಾವ ಬೀದಿಯಲ್ಲಿ ನೋಡಿದರೂ ಇದೇ ಕಥೆ.

ಒಂದು ಕಾಲದಲ್ಲಿ ಹಾರ್ಲಿಕ್ಸ್ ಬಾಟ್ಲಿ ಖಾಲಿಯಾಗುವುದನ್ನೇ ಮನೆಯ ಹೆಂಗಸರು ಕಾಯುತ್ತಿದ್ದರು. ತುಪ್ಪ, ಹುಣಸೆಹಣ್ಣು, ಚಟ್ನಿಪುಡಿ ಎಲ್ಲಕ್ಕೂ ಅದೇ. ಔಷಧಿ ಸೀಸೆಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ತೂರಿಸಿದರೆ ಸೀಮೆಎಣ್ಣೆ ಬುಡ್ಡಿ. ಮಿಕ್ಕದ್ದು "ಹಳೇ ಪೇಪರ್, ಖಾಲಿ ಸೀಸೆ" ಅಂತ ಕೂಗಿ ಬರುವವನಿಗೆ. ಈಗ ಪ್ಲಾಸ್ಟಿಕ್ ಡಬ್ಬಿ ಅಗ್ಗ. ಒಂದೆರಡು ಬಾಟ್ಲಿ ಒಯ್ದರೆ ಗುಜರಿಯವನೂ ಮೂಗು ಮುರಿಯುತ್ತಾನೆ.

ಆದರೆ ಗಾಜಿನ ಗುಣ ಪ್ಲಾಸ್ಟಿಕ್ಕಿಗೆ ಎಲ್ಲಿಂದ ಬಂದೀತು? ಉಪ್ಪು, ಹುಳಿ, ಎಣ್ಣೆ ಯಾವುದೂ ಅದನ್ನು ಕೆಡಿಸುವುದಿಲ್ಲ. ತೊಳೆದರೆ ವಾಸನೆ ಉಳಿಯುವುದಿಲ್ಲ. ಲೇಬಲ್ಲು ಬಿಡದಿದ್ದರೆ ಬೆಚ್ಚನೆ ನೀರಲ್ಲಿ ನೆನೆಸಿ, ಅಂಟಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಹಚ್ಚಿ ಉಜ್ಜಿ, ಬಿಸಿಲಿಗಿಡಿ. ಮುಚ್ಚಳ ತುಕ್ಕು ಹಿಡಿದಿದ್ದರೆ ತಿನ್ನುವ ಪದಾರ್ಥ ಬೇಡ. ಗುಂಡಿ, ಸೂಜಿದಾರ, ಮೊಳೆ ಹಾಕಿಡಿ. ಕುದಿಯುವುದನ್ನು ಮಾತ್ರ ಸುರಿಯಬೇಡಿ, ಬಿರುಕು ಬಿಡುತ್ತೆ.

ಇದು ಬರೀ ಉಳಿತಾಯದ ಮಾತಲ್ಲ. ಗಾಡಿಗೆ ಎಸೆದ ಬಾಟ್ಲಿ ಅಲ್ಲೇ ಒಡೆಯುತ್ತೆ. ಆ ಕಸಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ನಾವು ತಿಂದ ಉಪ್ಪಿನಕಾಯಿಗೆ ಅವರ ಬೆರಳು ಯಾಕೆ ಕುಯ್ಯಬೇಕು?

ಪುರಸಭೆಯವರಿಗೂ ಒಂದು ಮಾತು. 2016ರಲ್ಲಿ ಘನತ್ಯಾಜ್ಯ ನಿಯಮ ಬಂದ ಮೇಲೆ 'ಹಸಿ ಕಸ, ಒಣ ಕಸ' ಅಂತ ಗಾಡಿಯ ಮೈಕಿನಲ್ಲಿ ಕೂಗಿಸಿದ್ದೇ ಕೂಗಿಸಿದ್ದು. ಗಾಜಿಗೆ ಜಾಗ ಎಲ್ಲಿ? ವಾರ್ಡಿಗೊಂದು ಡ್ರಮ್ಮು ಇಡಿ. ಒಂದೆರಡು ಬಾಟ್ಲಿ ಬೇಡ ಅನ್ನುವ ಗುಜರಿಯವನು ಡ್ರಮ್ಮುಗಟ್ಟಲೆ ಸಿಕ್ಕರೆ ಬೇಡ ಅಂದಾನೆಯೇ? ಗಾಜನ್ನು ಎಷ್ಟು ಸಲ ಕರಗಿಸಿದರೂ ಮತ್ತೆ ಗಾಜೇ ಆಗುತ್ತೆ. ಹಾಗೇ ಕಾರ್ಮಿಕರಿಗೆ ದಪ್ಪ ಕೈಗವಸು ಕೊಡಿ. ಫೋಟೋ ಹೊಡೆಸಿಕೊಳ್ಳೋ ದಿನ ಮಾತ್ರ ಅಲ್ಲ, ದಿನಾ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟೆ: ಗಟ್ಟಿ ಬಾಟ್ಲಿ ಮನೆಯಲ್ಲೇ ಇರಲಿ. ಒಡೆದದ್ದನ್ನು ನಾಲ್ಕು ಮಡಿಕೆ ಪೇಪರಿನಲ್ಲಿ ಸುತ್ತಿ, ಮೇಲೆ 'ಗಾಜು' ಅಂತ ಬರೆದು, ಗಾಡಿಯವರಿಗೆ ಹೇಳಿ ಕೊಡೋಣ. ಇದಕ್ಕೂ ಸರ್ಕಾರದ ಆದೇಶ ಬರಬೇಕೇ?