ಬಸುರಿಯರಿಗೆ ಫ್ಲೂ ಲಸಿಕೆ: ನಮ್ಮ ಮಾತಲ್ಲಿ ಹೇಳೋರು ಯಾರು?

ಗಡಿನಾಡ ಗೆಳೆಯರೇ,

ನಮ್ಮ ಭಾಷೆಯ ಪ್ರಶ್ನೆ ಶಾಲೆ, ನಾಮಫಲಕ, ಅರ್ಜಿ ನಮೂನೆಗಳಿಗೇ ಮುಗಿಯೋದಿಲ್ಲ. ಆಸ್ಪತ್ರೆಯಲ್ಲಿ ಬಸುರಿಯರು ತಪಾಸಣೆಗೆ ನಿಲ್ಲೋ ಸಾಲಿನಲ್ಲೂ ಅದು ಇದೆ.

ಫ್ಲೂ ಬರೀ ನೆಗಡಿಯಲ್ಲ. ಬಸುರಿಯರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು. 2009ರ ಹಂದಿಜ್ವರದಲ್ಲಿ ಜಗತ್ತೇ ಇದನ್ನು ಕಂಡಿತು. ಫ್ಲೂ ಲಸಿಕೆಯಲ್ಲಿ ಗರ್ಭಿಣಿಯರಿಗೇ ಮೊದಲ ಆದ್ಯತೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿತು. 6 ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕೋದಿಲ್ಲ. ತಾಯಿ ಹಾಕಿಸಿಕೊಂಡರೆ ಆ ರಕ್ಷಣೆ ಹೊಟ್ಟೆಯಲ್ಲಿರೋ ಮಗುವಿಗೂ ಹೋಗುತ್ತೆ, ಹುಟ್ಟಿದ ಮೇಲೆ ಕೆಲವು ತಿಂಗಳು ಕಾಯುತ್ತೆ.

"ಹೊಟ್ಟೇಲಿರೋ ಕೂಸಿಗೆ ಏನಾದ್ರೂ ಆದ್ರೆ?" ಮನೆಯ ಹಿರಿಯರ ಈ ಭಯ ಸಹಜ. ಇಂಜೆಕ್ಷನ್ ಲಸಿಕೆಯಲ್ಲಿ ಜೀವಂತ ವೈರಸ್ ಇರೋದಿಲ್ಲ, ಯಾವ ತಿಂಗಳಲ್ಲಾದರೂ ಹಾಕಿಸಬಹುದು. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರಬಹುದು. ಮೂಗಿಗೆ ಬಿಡುವ ಲಸಿಕೆ ಮಾತ್ರ ಬಸುರಿಯರಿಗಲ್ಲ. ಹಿಂದೆ ಲಸಿಕೆಯಿಂದ ಅಲರ್ಜಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

"ಟಿಟಿ ಹಾಕಿಸಿದೀವಲ್ಲ" ಅನ್ನೋರೂ ಇದ್ದಾರೆ. ಅದು ಧನುರ್ವಾಯುವಿಗೆ, ಫ್ಲೂಗೆ ಅಲ್ಲ. ಕೇಂದ್ರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ. ಅಂದಮೇಲೆ ನಾವೇ ಕೇಳಬೇಕು. ಕೇಳೋಕೆ ಮೊದಲು ಗೊತ್ತಿರಬೇಕು, ಆಮೇಲೆ ಭಾಷೆ ಬೇಕು.

ತೊಡಕು ಇರೋದು ಇಲ್ಲೇ. ಮಂಜೇಶ್ವರದಲ್ಲಿ ಮಲಯಾಳಂ, ಜತ್ತದಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು. ಆ ಭಾಷೆ ಬಾರದ ಹೆಣ್ಮಗಳು ತಲೆಯಾಡಿಸಿ ಮನೆಗೆ ಬರ್ತಾಳೆ. ತಲೆಯಾಡಿಸಿದ ಮಾತ್ರಕ್ಕೆ ಅರ್ಥವಾಯ್ತು ಅಂತಲ್ಲ. ಮನೆಯೊಳಗೆ ತುಳು, ಬ್ಯಾರಿ, ಲಂಬಾಣಿ, ಉರ್ದು ಆಡೋರೂ ನಮ್ಮ ನಡುವೆ ಇದ್ದಾರೆ. ನಮಗೆ ಕೇಳೋ ಹಕ್ಕು ಅವರಿಗೂ ಸಲ್ಲಬೇಕು.

ನಾವು ಮಾಡಬಹುದಾದ್ದು ಮೂರು. ಅಕ್ಕ, ಅತ್ತಿಗೆ, ಪಕ್ಕದ ಮನೆಯ ಬಸುರಿಯ ಜೊತೆ ತಪಾಸಣೆಗೆ ಹೋಗಿ, "ಫ್ಲೂ ಲಸಿಕೆ ಹಾಕಿಸಬಹುದಾ?" ಅಂತ ಡಾಕ್ಟರನ್ನು ಕೇಳೋಣ. ಆಶಾ ಕಾರ್ಯಕರ್ತೆ, ನರ್ಸ್ ಜೊತೆ ಕೂತು ಮನೆಮಾತಿನಲ್ಲಿ ಒಂದು ನಿಮಿಷದ ಆಡಿಯೊ ಮಾಡಿ, ಅವರು ಸರಿ ಅಂದ ಮೇಲೆ ಊರ ವಾಟ್ಸಾಪ್ ಗುಂಪಿಗೆ ಹಾಕೋಣ. ಕನ್ನಡ ಕರಪತ್ರ ಬೇಕು, ಬಡ ತಾಯಂದಿರಿಗೆ ಲಸಿಕೆ ಉಚಿತವಾಗಬೇಕು ಅಂತ ಮನವಿ ಕೊಡೋಣ, ಕನ್ನಡದಲ್ಲೇ. ಸಂವಿಧಾನದ 350ನೇ ವಿಧಿ ಆ ಅವಕಾಶ ಕೊಟ್ಟಿದೆ. ಮಹಾರಾಷ್ಟ್ರ 2015ರಲ್ಲಿ ಗರ್ಭಿಣಿಯರಿಗೆ ಈ ಲಸಿಕೆಯನ್ನು ಉಚಿತವಾಗಿ ಕೊಡಲು ಮುಂದಾಗಿತ್ತು. ನಮ್ಮದು ಆಗದ ಬೇಡಿಕೆಯೇನಲ್ಲ.

ಭಾಷೆ ಉಳಿಯಬೇಕಾದರೆ ಅದನ್ನಾಡುವ ತಾಯಿ, ಕೂಸು ಮೊದಲು ಚೆನ್ನಾಗಿರಬೇಕು. ನಿಮ್ಮೂರಿನಿಂದಲೇ ಶುರು ಮಾಡಿ.