ಮರದೊಳಗೆ ಮುಖ ಕಂಡ ವರ್ಮ

ಮಕ್ಕಳೇ, ಡ್ರಾಯಿಂಗ್ ಪುಸ್ತಕದಲ್ಲಿ ಮರಕ್ಕೆ ಕಣ್ಣು, ಮೂಗು ಬರೆದರೆ ಪಕ್ಕದಲ್ಲಿ ಕೂತ ಗೆಳೆಯ ನಗುತ್ತಾನೆ, ಅಲ್ಲವೇ? ‘ಮರಕ್ಕೆಲ್ಲಿದೆಯೋ ಮುಖ?’ ಅನ್ನುತ್ತಾನೆ. ಮುಂದಿನ ಸಲ ಯಾರಾದರೂ ಹಾಗೆ ಕೇಳಿದರೆ ಬಿ.ಕೆ.ಎಸ್. ವರ್ಮ ಅವರ ಹೆಸರು ಹೇಳಿ.

ಬುಕ್ಕಸಾಗರ ಕೃಷ್ಣಯ್ಯ ಶ್ರೀನಿವಾಸ ಎಂಬುದು ಅವರ ಹೆಸರು. ಹುಟ್ಟಿದ್ದು 1949ರಲ್ಲಿ, ಬೆಂಗಳೂರಿನ ಬಳಿಯ ಆನೇಕಲ್ ಸೀಮೆಯಲ್ಲಿ. ತಂದೆಗೆ ಸಂಗೀತ ಗೊತ್ತಿತ್ತು, ತಾಯಿಗೆ ಚಿತ್ರಕಲೆ. ಮಗನಿಗೆ ಎರಡೂ ಒಲಿದವು ಅನ್ನಬೇಕು. ದೇವರ ಪಟಗಳಿಂದ ಮನೆಮಾತಾದ ರಾಜಾ ರವಿವರ್ಮನ ಮೇಲಿನ ಅಭಿಮಾನದಿಂದ ಅವರು ತಮ್ಮ ಹೆಸರಿಗೂ ‘ವರ್ಮ’ ಸೇರಿಸಿಕೊಂಡರು. ನಿಮ್ಮ ಮನೆಯ ದೇವರ ಕೋಣೆಯಲ್ಲಿ ರಾಘವೇಂದ್ರ ಸ್ವಾಮಿಗಳ ಪಟ ಇದ್ದರೆ ಕೆಳಗಿನ ಮೂಲೆಯನ್ನೊಮ್ಮೆ ನೋಡಿ. ವರ್ಮರ ಸಹಿ ಇದ್ದರೂ ಇದ್ದೀತು!

ಅವರು ಚಿತ್ರ ಬರೆಯುವುದನ್ನು ನೋಡಲು ಜನ ಸೇರುತ್ತಿದ್ದರು. ವೇದಿಕೆಯ ಮೇಲೆ ಒಬ್ಬರು ಹಾಡುತ್ತಿದ್ದಂತೆ ಇವರ ಕೈ ಓಡುತ್ತಿತ್ತು. ಶತಾವಧಾನಿ ಆರ್. ಗಣೇಶ್ ಅಲ್ಲೇ ಪದ್ಯ ಕಟ್ಟಿ ಹೇಳಿದರೆ, ವರ್ಮ ಅಲ್ಲೇ ಅದನ್ನು ಚಿತ್ರವಾಗಿಸುತ್ತಿದ್ದರು. ಕಿವಿಗೆ ಬಿದ್ದದ್ದು ಕಣ್ಣಿಗೆ ಕಾಣುತ್ತಿತ್ತು.

ಆದರೆ ಅವರ ಚಿತ್ರಗಳಲ್ಲಿ ನನಗೆ ತುಂಬ ಹತ್ತಿರವಾದವು ಮರಗಳು. ದೂರದಿಂದ ನೋಡಿದರೆ ಬರೀ ಮರ. ಹತ್ತಿರ ಹೋದರೆ ಕಾಂಡದಲ್ಲಿ ಒಬ್ಬ ಹೆಣ್ಣುಮಗಳು ನಿಂತಿರುತ್ತಾಳೆ, ಕೊಂಬೆಗಳು ಅವಳ ತೋಳುಗಳಾಗುತ್ತವೆ. ಇಂಥ ಮರಕ್ಕೆ ಕೊಡಲಿ ಹಾಕುವುದು ಹೇಗೆ? ‘ಕಾಡು ಉಳಿಸಿ’ ಎಂದು ನೂರು ಬೋರ್ಡು ಹಾಕಿದರೂ ಮೂಡದ ಸಂಕಟ ಒಂದು ಚಿತ್ರದಿಂದ ಮೂಡುತ್ತದೆ. ಅದು ಸುಳ್ಳು ಚಿತ್ರವಲ್ಲ. ಕಣ್ಣಿಗೆ ಕಾಣದ ನಿಜವನ್ನು ಕಾಣಿಸುವ ಚಿತ್ರ.

ಹೀಗೆ ಕಂಡವರು ಬೇರೆ ದೇಶಗಳಲ್ಲೂ ಇದ್ದರು. ನಾನೂರು ವರ್ಷಗಳಿಗೂ ಹಿಂದೆ ಇಟಲಿಯ ಅರ್ಚಿಂಬೊಲ್ಡೊ ಎಂಬ ಕಲಾವಿದ ಎರಡನೇ ರುಡಾಲ್ಫ್ ಚಕ್ರವರ್ತಿಯ ಮುಖವನ್ನು ಬರೀ ಹಣ್ಣು, ತರಕಾರಿ, ಹೂಗಳಿಂದಲೇ ಬರೆದ. ದೊರೆ ಸಿಟ್ಟಾಗಲಿಲ್ಲ, ಮೆಚ್ಚಿಕೊಂಡ!

ರಾಜ್ಯೋತ್ಸವ ಪ್ರಶಸ್ತಿಯ ಗೌರವ ಪಡೆದಿದ್ದ ವರ್ಮ 2023ರ ಫೆಬ್ರುವರಿ 6ರಂದು ತೀರಿಕೊಂಡರು. ಅವರ ಮರಗಳು ಇನ್ನೂ ನಿಂತಿವೆ.

ಜೋಯಿಡಾ ತಾಲೂಕಿನ ರಾಮನಗರದಲ್ಲಿ ಈ ಪುಟ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಿಮ್ಮ ಸುತ್ತ ಇರುವಂಥ ಕಾಡು ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ಊರಿಗೆ ಇನ್ನೂ ಒಂದು ಕಥೆ ಇದೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪಟ್ಟಣ ನೀರಿನಲ್ಲಿ ಮುಳುಗಿತು. ಮನೆ, ಗದ್ದೆ ಬಿಟ್ಟು ಬಂದವರಲ್ಲಿ ಅನೇಕರಿಗೆ ರಾಮನಗರವೇ ಹೊಸ ಊರಾಯಿತು. ಆ ಸೂಪಾ ಈಗ ಎಲ್ಲಿದೆ? ಅಜ್ಜ ಅಜ್ಜಿಯರ ನೆನಪಿನಲ್ಲಿದೆ.

ಈ ವಾರದ ಕೆಲಸ ಇದು. ಅಜ್ಜಿಯ ಪಕ್ಕ ಕೂತು ಕೇಳಿ: ಮನೆ ಹೇಗಿತ್ತು? ಅಂಗಳದಲ್ಲಿ ಯಾವ ಮರ ಇತ್ತು? ಕೇಳುತ್ತ ಕೇಳುತ್ತ ಬರೆಯಿರಿ. ಮನೆಯ ಮಾಡಿನ ಮೇಲೆ ಮೀನು ಈಜಲಿ, ಅಂಗಳದ ಮರಕ್ಕೆ ಅಜ್ಜಿಯದೇ ಮುಖ ಇರಲಿ. ಬೇರೆ ಊರಿನ ಮಕ್ಕಳೂ ಅಷ್ಟೇ, ಮನೆಯ ಹಿರಿಯರು ಬಿಟ್ಟುಬಂದ ಜಾಗವೊಂದನ್ನು ಕೇಳಿ ತಿಳಿದು ಬರೆಯಿರಿ.

ಅಪ್ಪ ಅಮ್ಮಂದಿರೇ, ಚಿತ್ರ ನೋಡಿ ‘ಇದೇನು ಹೀಗೆ?’ ಎಂದು ತಿದ್ದಬೇಡಿ. ‘ಇದರ ಕಥೆ ಹೇಳು’ ಅನ್ನಿ.